ಎರಡು ಗ್ರಾಂ

ಪುಣೆಯ ನಮ್ಮ ಮನೆಯಲ್ಲಿ ಮೊನ್ನೆ ಮೊಮ್ಮಗ ಕೇಳಿದ: "ಅಜ್ಜಾ, ಕ್ಯೂಬಾದ ಬೀ ಹಮ್ಮಿಂಗ್‌ಬರ್ಡ್ ಸಣ್ಣದೋ, ಥಾಯ್ಲೆಂಡಿನ ಬಂಬಲ್‌ಬೀ ಬಾವಲಿ ಸಣ್ಣದೋ?" ಬ್ಯಾಂಕಿನಲ್ಲಿ ದುಡಿದವನು, ಲೆಕ್ಕಕ್ಕೆ ಕೂತೆ. ತೂಕ ಎರಡಕ್ಕೂ ಸುಮಾರು 2 ಗ್ರಾಂ. ಉದ್ದ, ಕೊಕ್ಕು ಬಾಲ ಸೇರಿ ಹಕ್ಕಿ 5-6 ಸೆಂ.ಮೀ.; ಬಾವಲಿ 3 ಸೆಂ.ಮೀ. ಆಸುಪಾಸು. ಒಂದು ಹಗಲಲ್ಲಿ ಮಕರಂದ ಹೀರಿ ಮೊಟ್ಟೆಗೆ ಕಾವು ಕೊಡುತ್ತದೆ. ಇನ್ನೊಂದು ಮುಸ್ಸಂಜೆಗೆ ಸುಣ್ಣಕಲ್ಲಿನ ಗವಿಯಿಂದ ಹೊರಟು ಹುಳ ಹಿಡಿಯುತ್ತದೆ, ಮರಿಗೆ ಹಾಲೂಡಿಸುತ್ತದೆ. ತಕ್ಕಡಿ ಸಮ ನಿಂತಿತು ಅಂತ ಬದುಕು ಒಂದೇ ಆಯಿತೇ?

ಅಲ್ಲಿಗೆ ನನ್ನ ಮನಸ್ಸು ಚುರುಕ್ ಎಂದಿತು. ಅವ್ವ ತೀರಿಕೊಂಡ ಮೇಲೆ ಧಾರವಾಡದಲ್ಲಿ ತಮ್ಮನೆದುರು, 22 ವರ್ಷ ಕಳಿಸಿದ ದುಡ್ಡಿನ ಮೊತ್ತ ಹೇಳಿ, "ನಾನೇನ್ ಕಡಿಮಿ ಮಾಡೀನಿ?" ಅಂದಿದ್ದೆ. ಅವನು ಆಕೆಯ ಹಾಸಿಗೆ ಒಗೆದವನು, ರಾತ್ರಿ ಎದ್ದೆದ್ದು ನೀರು ಕುಡಿಸಿದವನು. ಲೆಕ್ಕ ಮಾತ್ರ ಹೇಳಲಿಲ್ಲ. "ಏಳಣ್ಣಾ, ಊಟ ಮಾಡೋಣು" ಅಂದ.

ಪರಸ್ಥಳದಲ್ಲಿ ದುಡಿದು ಕಳಿಸುವುದೂ ಸೇವೆಯೇ, ಸುಳ್ಳಲ್ಲ. ಆದರೆ ರೂಪಾಯಿಯಲ್ಲೇ ಅಳೆಯಬೇಕೆಂದು ಗೊತ್ತುಮಾಡಿದವನು ನಾನು. ನಾನು ಗೆಲ್ಲುವ ಅಳತೆ ಅದೊಂದೇ ಇತ್ತು.

"ಯಾವುದರಿಂದ ಅಳೀತೀ ಅನ್ನೋದನ್ನ ಮೊದಲು ಹೇಳು" ಅಂದೆ ಮೊಮ್ಮಗನಿಗೆ. ತಮ್ಮನಿಗೆ ಇವತ್ತು ರಾತ್ರಿ ಫೋನ್ ಮಾಡಬೇಕು.