ಒಬ್ಬರ ವರದಿ, ಎಷ್ಟು ಜನರ ಗುಟ್ಟು?

ಪಂಪ್‌ವೆಲ್ ಮೇಲ್ಸೇತುವೆಯ ಕೆಳಗೆ ಬಸ್ಸಿಗೆ ಕಾಯುವವರಲ್ಲಿ ಆಸ್ಪತ್ರೆಯ ಫೈಲು ಹಿಡಿದವರು ಒಬ್ಬಿಬ್ಬರಾದರೂ ಇರುತ್ತಾರೆ. ಮೊನ್ನೆ ನಮ್ಮ ಪರಿಚಯದವರೊಬ್ಬರು ಹಾಗೆಯೇ ಸಿಕ್ಕಿದರು. ಪತ್ನಿಗೆ ಸ್ತನ ಕ್ಯಾನ್ಸರ್. ವಂಶವಾಹಿ ಪರೀಕ್ಷೆಯಲ್ಲಿ ಬಿಆರ್‌ಸಿಎ-1ರಲ್ಲಿ ದೋಷವಿದೆಯೆಂದು ಬಂದಿದೆ. "ನಿಮ್ಮಲ್ಲೇ ಇರಲಿ. ಅವಳ ತಂಗಿಯರಿಗೂ ಹೇಳಿಲ್ಲ. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ" ಎಂದರು.

ಅವರ ಭಯವನ್ನು ತಳ್ಳಿಹಾಕುವಂತಿಲ್ಲ. ಹೆಣ್ಣು ನೋಡಲು ಹೋಗುವ ಮೊದಲು ಆ ಮನೆಯ ಕಾಯಿಲೆಗಳನ್ನು ಊರೆಲ್ಲ ವಿಚಾರಿಸುವವರು ನಾವೇ ತಾನೇ?

ಆದರೆ ವಿಷಯ ಏನೆಂದು ನೋಡೋಣ. ಬಿಆರ್‌ಸಿಎ-1 ಜೀವಕೋಶದ ಡಿಎನ್‌ಎಗೆ ಆಗುವ ಹಾನಿಯನ್ನು ಸರಿಪಡಿಸಲು ನೆರವಾಗುವ ವಂಶವಾಹಿ. ಅದರ ಎರಡು ಪ್ರತಿಗಳು ನಮ್ಮಲ್ಲಿವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಕೆಟ್ಟೇ ಬಂದರೂ ಇನ್ನೊಂದು ಕೆಲಸ ನಡೆಸುತ್ತದೆ. ಯಾವುದೋ ಕೋಶದಲ್ಲಿ ಅದೂ ಕೆಟ್ಟಾಗ ಕ್ಯಾನ್ಸರಿಗೆ ದಾರಿಯಾಗುತ್ತದೆ. ಈ 'ಎರಡು ಪೆಟ್ಟಿನ' ತರ್ಕವನ್ನು 1971ರಲ್ಲಿ ಆಲ್‌ಫ್ರೆಡ್ ನಡ್‌ಸನ್ ಮಕ್ಕಳ ಕಣ್ಣಿನ ಕ್ಯಾನ್ಸರಿನ ಅಧ್ಯಯನದಿಂದ ಮುಂದಿಟ್ಟರು. ಅಂದರೆ ಬಳುವಳಿಯಾಗಿ ಬರುವುದು ರೋಗವಲ್ಲ, ಅಪಾಯ. ಒಟ್ಟು ಕ್ಯಾನ್ಸರುಗಳಲ್ಲಿ ಹೀಗೆ ಬರುವವು ಶೇ. 5ರಿಂದ 10 ಮಾತ್ರ. ಆದರೆ ಈ ದೋಷವಿರುವ ಹೆಣ್ಣಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಸುಮಾರು ಶೇ. 70, ಅಂಡಾಶಯದ ಕ್ಯಾನ್ಸರಿನ ಅಪಾಯ ಬೇರೆ. ಪ್ರತಿ ಮಗುವಿಗೂ ಇದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಗಂಡುಮಕ್ಕಳಿಗೂ ದಾಟುತ್ತದೆ, ಅವರಿಂದ ಅವರ ಹೆಣ್ಣುಮಕ್ಕಳಿಗೂ. ಆದ್ದರಿಂದ "ತಾಯಿಯ ಕಡೆಯ ಕಾಯಿಲೆ" ಎಂಬ ನಮ್ಮ ಮಾತಿಗೆ ಅರ್ಥವಿಲ್ಲ.

ಹಾಗಾದರೆ ಆ ಫೈಲಿನಲ್ಲಿರುವುದು ಒಬ್ಬರ ಗುಟ್ಟೇ? ಹೆಸರು ಪತ್ನಿಯದ್ದು, ನಿಜ. ಆದರೆ ತಂಗಿಯರ ದೇಹದ ಸುದ್ದಿಯೂ ಅದರಲ್ಲಿದೆ. ತಿಳಿದರೆ ಅವರು ಪರೀಕ್ಷಿಸಿಕೊಳ್ಳಬಹುದು, ಎಂಆರ್‌ಐ ಮಾಡಿಸಿ ಬೇಗ ಪತ್ತೆಹಚ್ಚಬಹುದು, ಮಕ್ಕಳಾದ ಬಳಿಕ ಅಂಡಾಶಯ ತೆಗೆಸುವ ತೀರ್ಮಾನಕ್ಕೂ ಬರಬಹುದು. ಬೇಡವೆನ್ನುವ ಹಕ್ಕೂ ಅವರಿಗಿದೆ. ಆದರೆ ತಿಳಿಯದವರು ಬೇಡವೆನ್ನುವುದಾದರೂ ಹೇಗೆ? ನಮ್ಮ ಕೈಯಲ್ಲಿರುವ ಇನ್ನೊಬ್ಬರ ಅಮಾನತ್ತನ್ನು ಮುಚ್ಚಿಟ್ಟು ಕುಳಿತಂತೆ ಇದು.

ವರನ ಕಡೆಯವರಿಗೆ ಹೇಳುವುದು ಬೇರೆಯೇ ಪ್ರಶ್ನೆ. ಮಗಳಿಗೆ ದೋಷ ಬಂದಿದೆಯೇ ಎಂಬುದೇ ಇನ್ನೂ ಗೊತ್ತಿಲ್ಲ. ಮೊದಲು ತಿಳಿಯಬೇಕಾದವಳು ಅವಳು. ಪರೀಕ್ಷೆ ಬೇಕೋ, ಯಾರಿಗೆ ಯಾವಾಗ ಹೇಳಬೇಕೋ ಎಂಬುದನ್ನು ನಿರ್ಧರಿಸಬೇಕಾದವಳೂ ಅವಳೇ. ಅವಳ ಪರವಾಗಿ ತಂದೆ ಮೌನ ವಹಿಸುವುದು ರಕ್ಷಣೆಯೆಂದು ನಮಗೆ ಅನಿಸುವುದಿಲ್ಲ.

ಇಷ್ಟನ್ನೂ ಹೇಳಿ, ಪತ್ನಿ ಏನನ್ನುತ್ತಾರೆ ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವಳನ್ನು ಕೇಳಿಯೇ ಇಲ್ಲ" ಎಂದರು. ಬಿ.ಸಿ. ರೋಡಿನ ಬಸ್ಸು ಬಂತು, ಹತ್ತಿದರು.