ಸಂಶಯ, ಆಪ್ತವಾಕ್ಯ ಮತ್ತು ರ‍್ಯಾಕೆಟ್ಟಿನ ಬಿಗಿತ

ಗಟ್ಟಿಂಗ್, ಅಂದರೆ ಹೊಸ ತಂತಿಯ ಹೆಣಿಗೆ, ಹಾಕಿಸಿಕೊಂಡ ಟೆನಿಸ್ ಆಟಗಾರರಿಗೆ ಕೆಲವೊಮ್ಮೆ ರ‍್ಯಾಕೆಟ್ ಸಡಿಲ ಅನ್ನಿಸುತ್ತದೆ. ತಂತಿ ಕಟ್ಟುವ ಕ್ಲಬ್ಬಿನ ಸ್ಟ್ರಿಂಗರ್, ನೀವು ಹೇಳಿದಷ್ಟೇ ಟೆನ್ಷನ್ ಕೊಟ್ಟಿದ್ದೇನೆ ಎನ್ನುತ್ತಾರೆ. ಸ್ವಂತ ಅನುಭವ ಒಂದು ಹೇಳಿ, ಬಲ್ಲವರ ಮಾತು ಇನ್ನೊಂದು ಹೇಳಿದರೆ ಯಾವುದನ್ನು ಪ್ರಮಾಣವಾಗಿ ಹಿಡಿಯಬೇಕು? ಭಾರತೀಯ ತರ್ಕಶಾಸ್ತ್ರ ಈ ಪ್ರಶ್ನೆಯನ್ನು ಬಹಳ ಆಳವಾಗಿ ವಿಚಾರಿಸಿದೆ.

ಗೌತಮನ ನ್ಯಾಯಸೂತ್ರ ಎಣಿಸುವ 16 ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ನಂತರ ಮೂರನೆಯದಾಗಿ ಬರುವುದೇ ಸಂಶಯ. ಒಂದೇ ವಸ್ತುವಿನ ಬಗ್ಗೆ ವಿರುದ್ಧವಾದ ಎರಡು ಮಾತು ಕೇಳಿಬರುವುದು, ಅಂದರೆ ವಿಪ್ರತಿಪತ್ತಿ, ಅದಕ್ಕೆ ಒಂದು ಕಾರಣ. ಹೀಗೆ ಹುಟ್ಟಿದ ಸಂಶಯ ಅಪನಂಬಿಕೆಯಲ್ಲ. ಪರೀಕ್ಷೆಗೆ ತೊಡಗಿಸುವ ಪ್ರೇರಣೆ.

ಪರೀಕ್ಷೆಯ ಮೊದಲ ಹೆಜ್ಜೆ, ಎರಡು ಮಾತುಗಳ ವಿಷಯ ನಿಜವಾಗಿಯೂ ಒಂದೇ ಹೌದೇ ಎಂದು ನೋಡುವುದು. ಯಂತ್ರದಲ್ಲಿ 55 ಪೌಂಡ್ ಎಂದು ಇಟ್ಟರೆ ಅದು ಪ್ರತಿಯೊಂದು ಎಳೆಯನ್ನು ಎಳೆಯುವಾಗಿನ ಬಲ. ಕ್ಲ್ಯಾಂಪ್ ಹಾಕುವಾಗಿನ ಜಾರಿಕೆ ಮತ್ತು ಎಳೆಗಳ ನಡುವಿನ ಘರ್ಷಣೆಯಿಂದ ಹೆಣಿಗೆಯಲ್ಲಿ ಉಳಿಯುವ ಬಿಗಿತ ಅದಕ್ಕಿಂತ ಕಡಿಮೆ. ಆಡದೆ ಇಟ್ಟರೂ ಮೊದಲ ಕೆಲವು ಗಂಟೆಗಳಲ್ಲೇ ತಂತಿ ಸಡಿಲಗೊಳ್ಳುತ್ತದೆ. ಪಾಲಿಯೆಸ್ಟರ್ ತಂತಿ ನ್ಯಾಚುರಲ್ ಗಟ್‌ಗಿಂತ ಬೇಗ ಬಿಗಿತ ಕಳೆದುಕೊಳ್ಳುತ್ತದೆ. ಕೈಯಿಂದ ತಿರುಗಿಸುವ ಲಾಕ್‌ಔಟ್ ಯಂತ್ರ ನಿಗದಿತ ಬಲ ಬಂದೊಡನೆ ಎಳೆಯುವುದನ್ನು ನಿಲ್ಲಿಸಿಬಿಡುತ್ತದೆ. ಎಲೆಕ್ಟ್ರಾನಿಕ್ ಯಂತ್ರ ತಂತಿ ಹಿಗ್ಗಿದಂತೆಲ್ಲ ಎಳೆಯುತ್ತಲೇ ಇರುತ್ತದೆ. ಹೀಗಾಗಿ ಸಂಖ್ಯೆ ಒಂದೇ ಆದರೂ ಎರಡನೆಯದರಲ್ಲಿ ಹಾಕಿದ ಗಟ್ಟಿಂಗ್ ಹೆಚ್ಚು ಬಿಗಿ. ಸ್ಟ್ರಿಂಗರ್ ಹೇಳುವುದು ಎಳೆದ ಬಲವನ್ನು, ಆಟಗಾರರು ಹೇಳುವುದು ಉಳಿದ ಬಿಗಿತವನ್ನು. ವಿಷಯವೇ ಬೇರೆಯಾದಾಗ ವಿರೋಧಕ್ಕೆ ಎಡೆಯಿಲ್ಲ. ಇಬ್ಬರ ಮಾತೂ ಸತ್ಯವಾಗಿರಬಹುದು.

ಎರಡನೆಯ ಹೆಜ್ಜೆ ಹೇಳುವವರ ಅರ್ಹತೆಯನ್ನು ತೂಗಿ ನೋಡುವುದು. ನ್ಯಾಯಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ತಿಳಿಸಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಆತ ಸ್ಪಷ್ಟಪಡಿಸಿದ್ದಾನೆ. ಕುಲ, ಪದವಿಗಳಿಗೆ ಇಲ್ಲಿ ಬೆಲೆಯಿಲ್ಲ. ಕಸುಬು ಬಲ್ಲ ಸ್ಟ್ರಿಂಗರ್ ತಮ್ಮ ವಿಷಯದಲ್ಲಿ ಆಪ್ತರೇ. ಅವರ ಯಂತ್ರದ ಅಳತೆ ಸರಿಯಿದೆಯೇ ಎಂದು ಕೇಳುವುದು ಅರಿವಿನ ಬಗೆಗಿನ ಪ್ರಶ್ನೆ. ಬೇಕೆಂದೇ ಕಡಿಮೆ ಹಾಕಿದಿರಾ ಎಂದು ಕೇಳುವುದು ಪ್ರಾಮಾಣಿಕತೆಯ ಬಗೆಗಿನ ಪ್ರಶ್ನೆ. ಮೊದಲನೆಯದಕ್ಕೆ ಸಡಿಲ ಅನ್ನಿಸಿದ್ದೇ ಸಾಕು; ಎರಡನೆಯದಕ್ಕೆ ಬೇರೆಯೇ ಆಧಾರ ಬೇಕು. ಇವೆರಡನ್ನು ಬೆರೆಸುವುದು ತರ್ಕದೋಷ, ದುಡಿಯುವವರಿಗೆ ಮಾಡುವ ಅನ್ಯಾಯವೂ ಹೌದು.

ಪ್ರತ್ಯಕ್ಷವೂ, ಅಂದರೆ ಆಟಗಾರರ ಸ್ವಂತ ಅನುಭವವೂ, ಪರೀಕ್ಷೆಗೆ ಹೊರತಲ್ಲ. ದಣಿದ ತೋಳು, ಹಳೆಯ ಚೆಂಡು, ಹವೆಯ ಬಿಸಿ ಇವೆಲ್ಲ ಸ್ಪರ್ಶದ ಅನುಭವವನ್ನು ಬದಲಿಸುತ್ತವೆ. ಕೆಲವೇ ಪೌಂಡುಗಳ ವ್ಯತ್ಯಾಸ ನುರಿತ ಆಟಗಾರರಲ್ಲೂ ಅನೇಕರಿಗೆ ತಿಳಿಯುವುದಿಲ್ಲ.

ಜ್ಞಾನದ ಪ್ರಾಮಾಣ್ಯ ನಿಶ್ಚಯವಾಗುವುದು ಎಲ್ಲಿಂದ ಎಂಬುದರಲ್ಲಿ ದರ್ಶನಗಳು ಬೇರೆಯಾಗುತ್ತವೆ. ನೈಯಾಯಿಕರಿಗೆ ಅದು ಹೊರಗಿನಿಂದ, ಮುಖ್ಯವಾಗಿ ಅರಿವಿನಂತೆ ನಡೆದಾಗ ಸಿಗುವ ಸಫಲತೆಯಿಂದ. ಉಡುಪಿಯ ಮಧ್ವಾಚಾರ್ಯರ ದ್ವೈತದಲ್ಲಿ ಜ್ಞಾನ ಸ್ವತಃ ಪ್ರಮಾಣ. ಸಾಕ್ಷಿಯೇ, ಅಂದರೆ ಅರಿಯುವ ಆತ್ಮವೇ, ಆ ಪ್ರಾಮಾಣ್ಯವನ್ನು ಗ್ರಹಿಸುತ್ತದೆ, ಅಪ್ರಾಮಾಣ್ಯಕ್ಕೆ ಮಾತ್ರ ದೋಷವೊಂದು ಕಾರಣವಾಗಬೇಕು. ಎರಡೂ ಮತಗಳಿಂದ ಆಟಗಾರರು ಕಲಿಯುವುದಿದೆ: ದೋಷ ಕಾಣುವವರೆಗೆ ಬಲ್ಲವರ ಮಾತನ್ನು ನಂಬುವುದು, ದೋಷದ ಶಂಕೆ ಬಂದಾಗ ಅಳೆದು ನೋಡುವುದು. ಗಟ್ಟಿಂಗ್ ಆದೊಡನೆ ಒಮ್ಮೆ, ಕೆಲವು ದಿನ ಆಡಿದ ಮೇಲೆ ಇನ್ನೊಮ್ಮೆ ಒಂದೇ ಉಪಕರಣದಿಂದ ಅಳೆದರೆ ಬಿಗಿತ ಎಷ್ಟು ಇಳಿದಿದೆ ಎಂಬುದು ಇಬ್ಬರಿಗೂ ಕಾಣುತ್ತದೆ.

ಸಂಶಯಕ್ಕೆ ಕೊನೆಯೂ ಇದೆ. ತನ್ನ ನಡೆಗೇ ವಿರುದ್ಧವಾಗುವಲ್ಲಿ ಶಂಕೆ ನಿಲ್ಲಬೇಕು ಎಂಬುದು ಉದಯನಾಚಾರ್ಯನ ನ್ಯಾಯಕುಸುಮಾಂಜಲಿಯ ನಿಲುವು. ಅಳತೆಯೆಲ್ಲ ಸರಿಬಂದ ಮೇಲೂ ಸ್ಟ್ರಿಂಗರ್ ಮಾತನ್ನು ತಳ್ಳಿಹಾಕುತ್ತ, ಮುಂದಿನ ಪಂದ್ಯಕ್ಕೆ ಅದೇ ಕೈಗೆ ರ‍್ಯಾಕೆಟ್ ಒಪ್ಪಿಸುವವರ ಸಂಶಯವನ್ನು ಅವರ ನಡೆಯೇ ಅಲ್ಲಗಳೆಯುತ್ತದೆ.