ಸೀತೆಯ ಹಾಡು ಯಾರದು?

ನಮ್ಮ ಚಿಕ್ಕಮ್ಮನ ಹತ್ತಿರ ಒಂದು ಹಾಡಿನ ಪುಸ್ತಕವಿತ್ತು. ಹಳೆಯ ಡೈರಿಯೊಂದರಲ್ಲಿ ಆರತಿ ಹಾಡು, ಹಸೆಗೆ ಕರೆಯುವ ಹಾಡು, ಬೀಗರ ಹಾಡು ಎಲ್ಲವನ್ನೂ ತನ್ನ ಕೈಯಾರೆ ಬರೆದಿಟ್ಟಿದ್ದಳು. ಅವುಗಳಲ್ಲಿ ಹತ್ತಾರು ಅವಳೇ ಕಟ್ಟಿದವು. ಊರಿನವರೊಬ್ಬರು ಅದನ್ನು ಓದಿ ಕೊಡುತ್ತೇನೆಂದು ಒಯ್ದವರು ವರ್ಷದ ಮೇಲೆ ಅಚ್ಚು ಹಾಕಿಸಿದರು. ಚಿಕ್ಕಮ್ಮನ ಹೆಸರು ಎಲ್ಲೂ ಇರಲಿಲ್ಲ. ನಾನು ಸಿಟ್ಟಿನಿಂದ ಕುದಿದೆ. ಅವಳು ಮಾತ್ರ "ಹೋಗಲಿ ಬಿಡೇ, ಯಾರಾದರೂ ಹಾಡಿಕೊಂಡರೆ ಸಾಕು" ಎಂದು ಒಗ್ಗರಣೆಗೆ ಸಾಸಿವೆ ಹಾಕಿದಳು. ಅದು ಔದಾರ್ಯವೋ, ಬೇರೆ ದಾರಿಯಿಲ್ಲದವಳ ಸಮಾಧಾನವೋ?

ನೀನಾ ಪೇಲಿಯ ಕತೆ ತಿಳಿದಾಗ ಈ ಪ್ರಶ್ನೆ ಮತ್ತೆ ಎದ್ದು ಕೂತಿತು. ಅಮೆರಿಕದ ಈಕೆ ಪತ್ರಿಕೆಗಳಿಗೆ ಕಾಮಿಕ್ಸ್ ಚಿತ್ರಿಸುತ್ತಿದ್ದವಳು, ಆಮೇಲೆ ಆನಿಮೇಷನ್ನಿಗೂ ಕೈಹಾಕಿದವಳು. 2002ರಲ್ಲಿ ಗಂಡನ ಕೆಲಸದಿಂದಾಗಿ ತಿರುವನಂತಪುರಕ್ಕೆ ಬಂದಳು. ರಾಮಾಯಣ ಓದಿದ್ದು ಅಲ್ಲಿಯೇ. ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋಗಿದ್ದಾಗ ಗಂಡನಿಂದ ಇಮೇಲ್ ಬಂತು: ಮರಳಿ ಬರಬೇಡ. ಗೆಳೆಯರ ಮನೆಗಳ ಸೋಫಾ ಮೇಲೆ ಮಲಗಿ ದಿನ ದೂಡುತ್ತಿದ್ದಾಗ, ಹಳೆಯ ರೆಕಾರ್ಡುಗಳನ್ನು ಕೂಡಿಡುವವರೊಬ್ಬರ ಮನೆಯಲ್ಲಿ ಆನೆಟ್ ಹ್ಯಾನ್‌ಷಾ ಎಂಬ ಗಾಯಕಿಯ 1920ರ ದಶಕದ ಹಾಡುಗಳು ಕಿವಿಗೆ ಬಿದ್ದವು. ನೋಯಿಸಿದವನನ್ನೇ ಹಂಬಲಿಸುವ ಹಾಡುಗಳು. ನೀನಾಳಿಗೆ ಅದರಲ್ಲಿ ಸೀತೆಯ ದನಿ ಕೇಳಿಸಿತು.

ಮನೆಯ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ, ಬಹುಮಟ್ಟಿಗೆ ಒಬ್ಬಳೇ ಕೂತು ಆಕೆ ಮಾಡಿದ 82 ನಿಮಿಷಗಳ ಚಿತ್ರ 'ಸೀತಾ ಸಿಂಗ್ಸ್ ದ ಬ್ಲೂಸ್' 2008ರಲ್ಲಿ ಮುಗಿಯಿತು. ಅದರಲ್ಲಿ ಮೂರು ತೊಗಲುಗೊಂಬೆಗಳು ರಾಮಾಯಣ ಹೇಳುತ್ತ, ಮರೆಯುತ್ತ, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತ ಹೋಗುತ್ತವೆ. ಥೇಟ್ ನಮ್ಮ ಜಗಲಿಯ ಹರಟೆ!

ತೊಡಕು ಬಂದದ್ದು ಹಾಡುಗಳಿಂದ. ಹಾಡಿದವಳು 1985ರಲ್ಲೇ ತೀರಿಕೊಂಡಿದ್ದಳು, ಆದರೆ ಆ ರಚನೆಗಳ ಹಕ್ಕು ಕಂಪನಿಗಳ ಕೈಯಲ್ಲಿತ್ತು. ಮೊದಲು ಕೇಳಿದ್ದು ಎರಡು ಲಕ್ಷ ಡಾಲರಿಗೂ ಮಿಕ್ಕಿ. ಚೌಕಾಸಿಯ ನಂತರ ಸುಮಾರು 50,000ಕ್ಕೆ ಇಳಿಯಿತು. ನೀನಾ ಸಾಲ ಮಾಡಿದಳು. ಸಾಲ ಮಾಡಿದವಳು ಚಿತ್ರವನ್ನು ಬಿಗಿಯಾಗಿ ಮಾರಿಕೊಳ್ಳಬೇಕಿತ್ತಲ್ಲವೇ? ಬದಲಿಗೆ 2009ರಲ್ಲಿ, ಯಾರು ಬೇಕಾದರೂ ನೋಡಿ, ಪ್ರತಿ ಮಾಡಿ ಹಂಚಿ ಎಂದು ಬಿಟ್ಟುಕೊಟ್ಟಳು.

ನಮ್ಮ ಸೀತೆಯನ್ನು ಮುಟ್ಟಲು ಇವಳು ಯಾರು ಎಂದು ಸಿಟ್ಟಾದವರೂ ಇದ್ದಾರೆ. ನನಗೆ ಆ ಸಿಟ್ಟು ಬರಲಿಲ್ಲ. ಸೀತೆಯ ಬಸುರಿ ಬಯಕೆಯನ್ನು ಹಾಡು ಕಟ್ಟಿದ ನಮ್ಮ ಅಜ್ಜಿಯರು ಯಾರ ಅಪ್ಪಣೆ ಕೇಳಿದ್ದರು? ನನ್ನ ತಕರಾರು ಬೇರೆ. ಹೆಂಗಸಿನ ದುಡಿಮೆ ಹೇಗೂ ಪುಕ್ಕಟೆ ಎಂದುಕೊಂಡಿರುವ ಲೋಕಕ್ಕೆ ಇನ್ನೂ ಒಂದನ್ನು ಪುಕ್ಕಟೆ ಕೊಡಬೇಕಿತ್ತೇ? ನೋಡಿದವರು ತಾವಾಗಿ ಹಣ ಕಳಿಸಿದರು, ಡಿವಿಡಿ ಕೊಂಡರು, ಸರಿ. ಆದರೂ ಒಳಗಿನ ಮುಳ್ಳು ಹೋಗದು. ಕೊಡುವುದಿಲ್ಲ ಎನ್ನುವ ಹಕ್ಕು ಕೈಯಲ್ಲಿದ್ದೂ ಕೊಟ್ಟವಳು ಅವಳು. ಚಿಕ್ಕಮ್ಮನನ್ನು ಯಾರೂ ಕೇಳಲೇ ಇಲ್ಲ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅವಳ ಹೆಸರಾದರೂ ಇದೆಯೇನೇ?" ಎಂದಳು. ಇದೆ, ಆದರೆ 2013ರಲ್ಲಿ ಉಳಿದ ಹಕ್ಕನ್ನೂ ಬಿಟ್ಟಳು, ಹೆಸರು ಹಾಕಲೇಬೇಕೆಂಬ ಕಟ್ಟೂ ಈಗಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ನನ್ನ ಆ ಡೈರಿ ಅವರು ವಾಪಸು ಕೊಟ್ಟರೇನೇ?"